ಮೀಟರಿನಲ್ಲಿ 70, ಮೊಬೈಲಿನಲ್ಲಿ 67: ವೇಗ ಮತ್ತು ಮೈಲೇಜ್ ಬಗ್ಗೆ ಪ್ರಶ್ನೋತ್ತರ

ಶಿವಮೊಗ್ಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಡಿಗಳ ವೈರಿಂಗ್ ಮತ್ತು ಮೀಟರ್ ಕೆಲಸ ಮಾಡುತ್ತಿದ್ದೇನೆ. ಈ ವಾರ ಗುಂಪಿನಲ್ಲಿ ಕೇಳಿದವರೆಲ್ಲರ ತಕರಾರು ಮೀಟರಿನ ಮೇಲೆಯೇ ಇತ್ತು. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ಕಾರ ಸರ್. ಹೋದ ತಿಂಗಳು ಹೊಸ ಕಾರು ತೆಗೆದುಕೊಂಡೆವು. ಮೀಟರಿನಲ್ಲಿ 70 ಇದ್ದಾಗ ಮಗನ ಮೊಬೈಲಿನಲ್ಲಿ 66, 67 ಬರುತ್ತದೆ. ಶೋರೂಮಿನಲ್ಲಿ ಕೇಳಿದರೆ ‘ಎಲ್ಲಾ ಗಾಡಿಯೂ ಹಾಗೆಯೇ’ ಎಂದು ನಕ್ಕು ಕಳುಹಿಸಿದರು. ಹೊಸ ಗಾಡಿಯ ಮೀಟರೇ ಹೀಗಾದರೆ ಹೇಗೆ?

ಉತ್ತರ: ಅವರು ನಕ್ಕದ್ದು ತಪ್ಪು, ಹೇಳಿದ್ದು ಸರಿ. ನಿಮ್ಮ ಮೀಟರ್ ಕೆಟ್ಟಿಲ್ಲ, ಅದನ್ನು ಹಾಗೆಯೇ ಮಾಡಿ ಕಳುಹಿಸಿದ್ದಾರೆ.

ಕಾರು ತಯಾರಕರು ಅನೇಕ ದೇಶಗಳಲ್ಲಿ ಅನುಸರಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಎಂಬುದೊಂದಿದೆ. ಅದರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆಯನ್ನು ಯಾವತ್ತೂ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ಅದಕ್ಕೂ ಮಿತಿಯಿದೆ: ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿಲೋಮೀಟರ್. ಗಾಡಿ ನಿಜಕ್ಕೂ 80ರಲ್ಲಿ ಓಡುತ್ತಿದ್ದರೆ ಮೀಟರ್ 92ರವರೆಗೆ ತೋರಿಸಿದರೂ ನಿಯಮದ ಒಳಗೇ ಇದೆ. 79 ತೋರಿಸಿದರೆ ಮಾತ್ರ ನಪಾಸು.

ಈಗ ಕಂಪನಿಯವರ ಜಾಗದಲ್ಲಿ ನಿಂತು ನೋಡಿ. ಟೈರಿನ ಹಲ್ಲು ಸವೆಯುತ್ತದೆ, ಗಾಳಿ ಏರುಪೇರಾಗುತ್ತದೆ, ಬೇರೆ ಬೇರೆ ತಯಾರಕರ ಒಂದೇ ಅಳತೆಯ ಟೈರುಗಳೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಇಷ್ಟೆಲ್ಲ ಆದಾಗಲೂ ಮೀಟರ್ ಕಡಿಮೆ ತೋರಿಸಬಾರದು ಎಂದರೆ, ಮೊದಲೇ ಮೂರೋ ನಾಲ್ಕೋ ಕಿಲೋಮೀಟರ್ ಏರಿಸಿಟ್ಟುಬಿಡುವುದು ಅವರಿಗೆ ಕ್ಷೇಮ. ನಿಮ್ಮ ಮಗನ ಮೊಬೈಲಿಗೆ ಕಂಡದ್ದು ಆ ಏರಿಕೆಯೇ.

ಮೊಬೈಲನ್ನೂ ಪೂರ್ತಿ ನಂಬಬೇಕಾಗಿಲ್ಲ. ಬಯಲಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದು ಚೆನ್ನಾಗಿ ಹೇಳುತ್ತದೆ. ಮಂಡಗದ್ದೆಯ ಕಡೆಯ ಮರಗಳ ನೆರಳಿನಲ್ಲಿ ಉಪಗ್ರಹಗಳೇ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಪರೀಕ್ಷೆ ಮಾಡಲೇಬೇಕೆಂದರೆ ಬೆಳಿಗ್ಗೆ ಬೇಗ ಹೊನ್ನಾಳಿ ರಸ್ತೆಯಂಥ ಬಯಲಿನ ರಸ್ತೆಗೆ ಹೋಗಿ. ಮೀಟರಿನಲ್ಲಿ 70 ಹಿಡಿದು, ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ 5 ಕಿಲೋಮೀಟರ್ ದಾಟುವ ಸಮಯವನ್ನು ಪಕ್ಕದಲ್ಲಿ ಕುಳಿತವರು ನೋಡಲಿ. 4 ನಿಮಿಷ 30 ಸೆಕೆಂಡ್, ಅಂದರೆ 270 ಸೆಕೆಂಡ್ ಆಯಿತೆನ್ನಿ. 5ನ್ನು 3600ರಿಂದ ಗುಣಿಸಿ 270ರಿಂದ ಭಾಗಿಸಿದರೆ 66.7. ಅದು ನಿಮ್ಮ ನಿಜವಾದ ವೇಗ. ಒಂದೇ ಕಿಲೋಮೀಟರಿಗೆ ಸಮಯ ನೋಡಬೇಡಿ, ಗುಂಡಿ ಒತ್ತುವುದರಲ್ಲಿ ಒಂದು ಸೆಕೆಂಡ್ ತಪ್ಪಿದರೂ ಲೆಕ್ಕ ಹಾಳಾಗುತ್ತದೆ. ರಸ್ತೆ ಅಗಲ ಮಾಡಿದ ಕಡೆ ಕಲ್ಲುಗಳನ್ನು ಕಿತ್ತು ಮತ್ತೆ ನೆಟ್ಟಿರುತ್ತಾರೆ, ಅಂಥ ಜಾಗವೂ ಬೇಡ. 70 ಎಂದು ಏಕೆ ಹೇಳಿದೆನೆಂದರೆ, 2019ರ ಜುಲೈ ನಂತರದ ಕಾರುಗಳಲ್ಲಿ 80 ದಾಟಿದರೆ ಎಚ್ಚರಿಕೆಯ ಸದ್ದು ಕಡ್ಡಾಯ. ಆ ಟಿಣ್ ಟಿಣ್ ನಡುವೆ ಸೆಕೆಂಡ್ ಎಣಿಸುವುದು ಯಾರಿಗೆ ಬೇಕು?

ಅವರೇ ಮತ್ತೆ: ಹಾಗಾದರೆ ಓಡಿದ ಕಿಲೋಮೀಟರೂ ನೂರಕ್ಕೆ ಐದು ಹೆಚ್ಚು ಬೀಳುತ್ತದೆಯೇ? ಸರ್ವಿಸ್ ಬೇಗ ಬರುವುದು ಇದಕ್ಕೇನಾ?

ಉತ್ತರ: ಇಲ್ಲ. ಬಹಳ ಜನ ಇಲ್ಲಿಯೇ ಎಡವುವುದು. ವೇಗ ಮತ್ತು ದೂರದ ಲೆಕ್ಕ ಎರಡೂ ಚಕ್ರದ ಅಥವಾ ಗೇರ್‌ಬಾಕ್ಸಿನ ಸೆನ್ಸರಿನಿಂದಲೇ ಹುಟ್ಟುತ್ತವೆ. ಆದರೆ ಏರಿಸಿ ತೋರಿಸುವುದು ವೇಗವನ್ನು ಮಾತ್ರ. ದೂರದ ಲೆಕ್ಕ ಸಾಮಾನ್ಯವಾಗಿ ನಿಜಕ್ಕೆ ಬಹಳ ಹತ್ತಿರ ಇರುತ್ತದೆ. ಅದನ್ನು ಅಲ್ಲಾಡಿಸುವುದು ಟೈರ್. 185/65 ಆರ್15 ಎಂಬ ಅಳತೆಯ ಟೈರಿನ ಅಡ್ಡಳತೆ (ವ್ಯಾಸ) ಹೊಸದರಲ್ಲಿ ಸುಮಾರು 621 ಮಿಲಿಮೀಟರ್. ಹಲ್ಲು 8 ಮಿಲಿಮೀಟರಿನಿಂದ ಸವೆದು ಬದಲಾಯಿಸಲೇಬೇಕಾದ 1.6ಕ್ಕೆ ಬಂದರೆ ಅಡ್ಡಳತೆ 13 ಮಿಲಿಮೀಟರಿನಷ್ಟು ಕುಗ್ಗುತ್ತದೆ. ಆಗ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತುತ್ತದೆ, ನೂರು ಕಿಲೋಮೀಟರಿಗೆ 102 ಬೀಳುತ್ತದೆ. ಅಷ್ಟೇ.

(ತೋಟದ ಕೆಸರಿನಲ್ಲಿ ಹೂತುಹೋದ ಜೀಪು ನಿಂತಲ್ಲೇ ಚಕ್ರ ತಿರುಗಿಸಿದಷ್ಟೂ ಕಿಲೋಮೀಟರ್ ಕೂಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆಯ ಜೀಪುಗಳು ಮನೆಯಂಗಳದಲ್ಲೇ ಊರು ಸುತ್ತಿರುತ್ತವೆ.)

ಪ್ರಶ್ನೆ (ಸಾಗರದಿಂದ): ನಾನು ಶಿಕ್ಷಕಿ. ದಿನಾ ಶಾಲೆಗೆ ಕಾರಿನಲ್ಲೇ ಓಡಾಟ. ಪರದೆಯಲ್ಲಿ ಲೀಟರಿಗೆ 19.4 ಎಂದು ತೋರಿಸುತ್ತದೆ. ಟ್ಯಾಂಕ್ ತುಂಬಿಸಿ 512 ಕಿಲೋಮೀಟರ್ ಓಡಿಸಿ, ಮತ್ತೆ ತುಂಬಿಸಿದರೆ 29.6 ಲೀಟರ್ ಹಿಡಿಯಿತು. ಅಂದರೆ 17.3. ಕಂಪನಿಯವರು ಹೇಳಿದ್ದು 22. ಮೂರರಲ್ಲಿ ಯಾವುದನ್ನು ನಂಬಲಿ? ಬಂಕಿನವರ ಮೇಲೆ ನನ್ನ ಯಜಮಾನರಿಗೆ ಅನುಮಾನ.

ಉತ್ತರ: ಮೇಡಂ, 22ನ್ನು ಬಿಟ್ಟುಬಿಡಿ. ಅದು ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಸುಮಾರು ಇಪ್ಪತ್ತು ನಿಮಿಷ, ಗೊತ್ತುಮಾಡಿದ ಕ್ರಮದಲ್ಲಿ, 90 ದಾಟದಂತೆ ಓಡಿಸಿ ತೆಗೆದ ಸಂಖ್ಯೆ. ಅಲ್ಲಿ ಏರಿಲ್ಲ, ಹಂಪಿಲ್ಲ, ಅಡ್ಡ ಬರುವ ದನಗಳಿಲ್ಲ.

ಪರದೆಯ 19.4 ಹೇಗೆ ಬರುತ್ತದೆ ಎಂಬುದು ನೋಡುವಂಥದ್ದು. ಟ್ಯಾಂಕಿನಿಂದ ಹೋಗುವ ಪೆಟ್ರೋಲನ್ನು ಅಲ್ಲಿ ಯಾವ ಮಾಪಕವೂ ಅಳೆಯುತ್ತಿಲ್ಲ. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ಬಾಯಿ ತೆರೆದಿತ್ತು ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತು. ಅಷ್ಟು ಹೊತ್ತಿಗೆ ಇಷ್ಟು ಪೆಟ್ರೋಲ್ ಎಂದು ಕಾರ್ಖಾನೆಯಲ್ಲಿ ಬರೆದುಕೊಟ್ಟ ಲೆಕ್ಕದಿಂದ ಅದು ಗುಣಿಸುತ್ತದೆ. ನಾಲ್ಕು ಸಿಲಿಂಡರಿನ ಗಾಡಿ ಸಿಗ್ನಲ್‌ನಲ್ಲಿ ನಿಂತು ಎಂಜಿನ್ ಮಾತ್ರ ಓಡುತ್ತಿದ್ದರೂ ಗಂಟೆಗೆ ಸುಮಾರು ತೊಂಬತ್ತು ಸಾವಿರ ಬಾರಿ ಪೆಟ್ರೋಲ್ ಚಿಮ್ಮುತ್ತದೆ. ಒಂದೊಂದು ಸಲ ಬೀಳುವುದು ಒಂದು ಹನಿಯ ಆರರಲ್ಲೊಂದು ಪಾಲಿನಷ್ಟು. ಆ ಪಾಲಿನಲ್ಲಿ ಒಂದು ಚೂರು ವ್ಯತ್ಯಾಸವಾದರೂ ಎಷ್ಟು ಬಾರಿ ಕೂಡಿಕೊಳ್ಳುತ್ತದೆ ನೋಡಿ. ಕಂಪ್ಯೂಟರ್ ಇಷ್ಟು ಹತ್ತಿರ ಬರುವುದೇ ನನಗೆ ಆಶ್ಚರ್ಯ.

ನಿಮ್ಮ 17.3 ಕೂಡ ಗಟ್ಟಿಯಲ್ಲ. ಬಂಕಿನ ನಳಿಕೆ ಒಮ್ಮೆ ಬೇಗ ಕಟ್ ಆಗುತ್ತದೆ, ಒಮ್ಮೆ ತಡವಾಗಿ. ನೆಲ ಓರೆಯಿದ್ದರೆ ಟ್ಯಾಂಕಿನ ಮೂಲೆಯಲ್ಲಿ ಗಾಳಿ ಉಳಿಯುತ್ತದೆ. ಈ ಸಲ ಒಂದೂವರೆ ಲೀಟರ್ ಹೆಚ್ಚು ಹಿಡಿದಿತ್ತು ಎಂದುಕೊಂಡರೆ ನಿಮ್ಮ ಲೆಕ್ಕವೇ 18.2 ಆಗುತ್ತದೆ. ಒಂದು ಟ್ಯಾಂಕಿಗೆ ತೀರ್ಪು ಕೊಡಬೇಡಿ. ಅದೇ ಬಂಕ್, ಅದೇ ನಳಿಕೆ, ಮೊದಲ ಕಟ್‌ಗೆ ನಿಲ್ಲಿಸಿ, ಮೂರು ಟ್ಯಾಂಕ್ ಓಡಿಸಿ. ಕಿಲೋಮೀಟರುಗಳನ್ನೆಲ್ಲ ಕೂಡಿಸಿ, ಲೀಟರುಗಳನ್ನೆಲ್ಲ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಿ. ಐನೂರು ರೂಪಾಯಿ, ಸಾವಿರ ರೂಪಾಯಿ ಎಂದು ಹಾಕಿಸಿಕೊಂಡರೆ ಈ ಲೆಕ್ಕ ನಡೆಯುವುದಿಲ್ಲ.

ಯಜಮಾನರ ಅನುಮಾನಕ್ಕೆ ಮದ್ದು ಬಂಕಿನಲ್ಲೇ ಇದೆ. ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕರು ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ನಡೆಯುತ್ತದೆ, ಅಂದರೆ ನೂರಕ್ಕೆ ಅರ್ಧ. ಜಗಳಕ್ಕೆ ಹೋಗುವ ಮೊದಲು ಅದನ್ನು ಕೇಳಿ.

ಪ್ರಶ್ನೆ (ಹೊಸನಗರದಿಂದ): ಇ20 ಪೆಟ್ರೋಲ್ (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ್ದು) ಬಂದ ಮೇಲೆ ಮೈಲೇಜ್ ಇಳಿದಿದೆ. ಪರದೆ ಅದನ್ನು ಮುಚ್ಚಿಡುತ್ತದೆಯೇ?

ಉತ್ತರ: ಮುಚ್ಚಿಡುವುದಿಲ್ಲ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಸೈಲೆನ್ಸರಿನ ಆಮ್ಲಜನಕ ಸೆನ್ಸರ್ ಅದನ್ನು ಗುರುತಿಸಿ ಇಂಜೆಕ್ಟರಿನ ಬಾಯಿಯನ್ನು ಹೆಚ್ಚು ಹೊತ್ತು ತೆರೆಸುತ್ತದೆ, ಆ ಹೆಚ್ಚಿನ ಹೊತ್ತು ಪರದೆಯ ಲೆಕ್ಕಕ್ಕೂ ಬರುತ್ತದೆ. ನೀತಿ ಆಯೋಗದ 2021ರ ವರದಿಯೇ ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ನೂರಕ್ಕೆ 6ರಿಂದ 7ರಷ್ಟು ಇಳಿಕೆ ಎಂದಿತ್ತು. ಇ20ಕ್ಕೆಂದೇ ಹೊಂದಿಸಿದ ಗಾಡಿಯಲ್ಲಿ ಇಷ್ಟು ಇಳಿಯುವುದಿಲ್ಲ.

ಪ್ರಶ್ನೆ (ಭದ್ರಾವತಿಯಿಂದ): ಅಣ್ಣ, ಬೆಂಗಳೂರು ರಸ್ತೆಯಲ್ಲಿ 84ರಲ್ಲಿ ಹೋದೆ ಎಂದು ದಂಡದ ನೋಟಿಸ್ ಬಂದಿದೆ. ನನ್ನ ಮೀಟರಿನಲ್ಲಿ 78 ಇತ್ತು. ಹೋದ ವರ್ಷ 185/65 ತೆಗೆದು 205/65 ಟೈರ್ ಹಾಕಿಸಿದ್ದೆ, ರಿಮ್ ಅದೇ 15 ಇಂಚು. ಟೈರಿನ ತಪ್ಪು ಎಂದು ಬರೆದುಕೊಡಬಹುದೇ? ಟೈರ್ ಹಾಕಿಸಿದ ಮೇಲೆ ಮೈಲೇಜೂ ಇಳಿದಿದೆ.

ಉತ್ತರ: ಬರೆದುಕೊಡಲು ನನ್ನ ಕೈ ಬರುವುದಿಲ್ಲ ತಮ್ಮ. ದೊಡ್ಡ ಟೈರಿನ ಅಡ್ಡಳತೆ 647 ಮಿಲಿಮೀಟರ್, ಮೊದಲಿನದಕ್ಕಿಂತ ನೂರಕ್ಕೆ 4 ಹೆಚ್ಚು. ನಿಮ್ಮ ಮೀಟರಿಗೆ ಕಾರ್ಖಾನೆಯ ಏರಿಕೆ ಒಂದಿಷ್ಟೂ ಇಲ್ಲ ಎಂದೇ ಇಟ್ಟುಕೊಂಡರೂ 78 ಎಂದರೆ ನಿಜಕ್ಕೂ 81. ಏರಿಕೆ ಇದ್ದರೆ ಇನ್ನೂ ಕಡಿಮೆ. 84 ಮುಟ್ಟುವುದಿಲ್ಲ. ನೀವು ಮೀಟರ್ ನೋಡಿದ ಹೊತ್ತೇ ಬೇರೆ, ಕ್ಯಾಮೆರಾ ನಿಮ್ಮನ್ನು ನೋಡಿದ ಹೊತ್ತೇ ಬೇರೆ ಎಂದು ನನಗನ್ನಿಸುತ್ತದೆ.

ಮೈಲೇಜಿನ ವಿಷಯದಲ್ಲಿ ಮಾತ್ರ ಟೈರನ್ನು ದೂರಬಹುದು. ದೊಡ್ಡ ಚಕ್ರ ಕಡಿಮೆ ಸುತ್ತು ಸುತ್ತುತ್ತದೆ, ನೀವು ನಿಜಕ್ಕೂ 100 ಕಿಲೋಮೀಟರ್ ಹೋದರೆ ಗಾಡಿ 96 ಎಂದು ಬರೆದುಕೊಳ್ಳುತ್ತದೆ. ಇಳಿದದ್ದರಲ್ಲಿ ಮೈಲೇಜಿನ ನೂರಕ್ಕೆ ನಾಲ್ಕರಷ್ಟು ಬರೀ ಕಾಗದದ ಮೇಲಿನದು. ಉಳಿದದ್ದು ಅಗಲವಾದ, ಭಾರವಾದ ಟೈರನ್ನು ಎಳೆಯುವ ಖರ್ಚು. ಅದು ನಿಜ.

ಪ್ರಶ್ನೆ (ಕೊಪ್ಪದಿಂದ): ಆಗುಂಬೆಯಲ್ಲಿ ರೀಸೆಟ್ ಮಾಡಿ ಸೋಮೇಶ್ವರಕ್ಕೆ ಇಳಿದಾಗ ಲೀಟರಿಗೆ 40 ತೋರಿಸಿತು. ಹತ್ತುವಾಗ 10. ಸರಾಸರಿ 25 ಎಂದು ಹಿಡಿಯಬಹುದಲ್ಲವೇ? ನ್ಯೂಟ್ರಲ್‌ನಲ್ಲಿ ಇಳಿದರೆ ಇನ್ನೂ ಉಳಿಯುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ.

ಉತ್ತರ: 25 ಅಲ್ಲ ಮಾರಾಯರೇ, 16. ಹತ್ತು ಕಿಲೋಮೀಟರ್ ಹತ್ತಲು ಒಂದು ಲೀಟರ್, ಅದೇ ಹತ್ತು ಇಳಿಯಲು ಕಾಲು ಲೀಟರ್. ಇಪ್ಪತ್ತು ಕಿಲೋಮೀಟರಿಗೆ ಒಂದೂಕಾಲು ಲೀಟರ್. ಕಿಲೋಮೀಟರ್ ಬದಲು ಲೀಟರನ್ನು ಕೂಡಿಸಿ, ಆಗ ಮೋಸ ಹೋಗುವುದಿಲ್ಲ. ಅಂದಹಾಗೆ ಘಾಟಿಯ ಆ ಹದಿನಾಲ್ಕು ತಿರುವುಗಳಲ್ಲಿ ಮೊಬೈಲಿನಿಂದ ದೂರ ಅಳೆಯಲು ಹೋಗಬೇಡಿ. ಅದು ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆದು ತಿರುವನ್ನು ಕತ್ತರಿಸಿಬಿಡುತ್ತದೆ.

ಭಾವನವರಿಗೆ ದಯವಿಟ್ಟು ಹೇಳಿ: ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಪೂರ್ತಿ ಬಂದ್ ಆಗುತ್ತದೆ, ಚಕ್ರವೇ ಎಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಎಂಜಿನ್ ನಿಲ್ಲದಂತೆ ಪೆಟ್ರೋಲ್ ಮತ್ತೆ ಬೀಳಲು ಶುರುವಾಗುತ್ತದೆ. ಉಳಿತಾಯವೂ ಇಲ್ಲ, ಎಂಜಿನಿನ ಹಿಡಿತವೂ ಇಲ್ಲ. ಬ್ರೇಕ್ ಕಾದು ಸುಟ್ಟ ವಾಸನೆ ಹೊಡೆಯುವ ಗಾಡಿಗಳನ್ನು ಸೋಮೇಶ್ವರದ ಚೆಕ್‌ಪೋಸ್ಟಿನ ಹತ್ತಿರ ನಾನೇ ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ (ಶೃಂಗೇರಿಯಿಂದ): ತಂದೆಯವರ ಹಳೆಯ ಜೀಪಿನ ಮುಳ್ಳು 30ರಿಂದ 50ರ ನಡುವೆ ಕುಣಿಯುತ್ತದೆ.

ಉತ್ತರ: ಚಕ್ರದ ಸುತ್ತನ್ನು ಮೀಟರಿಗೆ ಒಯ್ಯುವ ಕೇಬಲ್ ಒಣಗಿದೆ. ಒಳಗಿನ ತಂತಿಯನ್ನು ಎಳೆದು, ಸೀಮೆಎಣ್ಣೆಯಲ್ಲಿ ತೊಳೆದು, ತೆಳುವಾಗಿ ಗ್ರೀಸ್ ಹಚ್ಚಿ ಹಾಕಿಸಿ. ಮೀಟರಿನ ಕಡೆಯ ತುದಿಗೆ ಗ್ರೀಸ್ ಬೇಡ, ಒಳಗೆ ಹೋದರೆ ಮುಳ್ಳು ಅಂಟಿಕೊಳ್ಳುತ್ತದೆ. ಮೀಟರಿನೊಳಗೆ ಆ ಕೇಬಲಿನಿಂದ ತಿರುಗುವ ಅಯಸ್ಕಾಂತ ಮುಳ್ಳಿನ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುವ ಈ ವಿದ್ಯೆಗೆ ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದಿದ್ದ. ಆ ಜೀಪಿನಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ. ಎಸೆಯಬೇಡಿ.

ಸಾಗರದಿಂದ, ಆರು ವಾರಗಳ ನಂತರ: ಸರ್, ಮೂರು ಟ್ಯಾಂಕ್ ಮುಗಿಯಿತು. ಒಟ್ಟು 1,486 ಕಿಲೋಮೀಟರ್, 81.9 ಲೀಟರ್. ಪರದೆಯಲ್ಲಿ 19.3. ಬಂಕಿನಲ್ಲಿ 5 ಲೀಟರ್ ಅಳೆಸಿದೆವು, ಸರಿಯಾಗಿಯೇ ಇತ್ತು. ಯಜಮಾನರು ಸುಮ್ಮನಾಗಿದ್ದಾರೆ.

ಉತ್ತರ: 18.1 ಬಂತು ಮೇಡಂ. ನಿಮ್ಮ ಪರದೆ ನೂರಕ್ಕೆ ಆರು ಹೆಚ್ಚು ಹೇಳುತ್ತಿದೆ, ನಾನು ನೋಡಿದ ಗಾಡಿಗಳಲ್ಲಿ ಇದು ಮಾಮೂಲು. ಇನ್ನು ಮುಂದೆ ಅದು ತೋರಿಸಿದ್ದನ್ನು 0.94ರಿಂದ ಗುಣಿಸಿಕೊಳ್ಳಿ, ಪ್ರತಿ ಸಲ ಚೀಟಿ ಕೂಡಿಡುವ ಕೆಲಸ ಬೇಡ. ಪರದೆ ಇದ್ದಕ್ಕಿದ್ದಂತೆ 17ಕ್ಕೆ ಇಳಿದರೆ ಮಾತ್ರ ಮೊದಲು ಟೈರಿನ ಗಾಳಿ ನೋಡಿಸಿ, ಆಮೇಲೆ ನನಗೆ ಫೋನ್ ಮಾಡಿ.