ಬಕ್ ಮಾಡ್ಯೂಲಿನ ಪಾಟ್ ಕಿತ್ತು ಫಿಕ್ಸೆಡ್ ರೆಸಿಸ್ಟರ್ ಹಾಕಬೇಕು, ಎಷ್ಟು ಓಮ್?

ಪ್ರಶ್ನೆ: ಸರ್, ನಮಸ್ಕಾರ. ತೋಟದ ಕ್ಯಾಮೆರಾಗೆ 12 ವೋಲ್ಟ್ ಬ್ಯಾಟರಿಯಿಂದ ರಾಸ್ಪ್‌ಬೆರಿ ಪೈ 3 (ಪುಟ್ಟ ಕಂಪ್ಯೂಟರ್ ಬೋರ್ಡ್) ಓಡಿಸ್ತಾ ಇದ್ದೇನೆ. ಮಧ್ಯೆ ಎಲ್‌ಎಂ2596 ಚಿಪ್ ಇರುವ ಬಕ್ ಮಾಡ್ಯೂಲ್, ಅಂದರೆ ವೋಲ್ಟೇಜ್ ಇಳಿಸುವ ಬೋರ್ಡ್ ಇದೆ. ಅದರ ನೀಲಿ ಪಾಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್) ತಿರುಗಿಸಿ 5.1 ವೋಲ್ಟ್‌ಗೆ ಇಟ್ಟಿದ್ದೆ. ಡಬ್ಬಿ ಅಲುಗಾಡಿದರೆ ಸಾಕು, ವೋಲ್ಟೇಜ್ ಕುಣಿಯುತ್ತದೆ. ಪಾಟ್ ಕಿತ್ತು ಫಿಕ್ಸೆಡ್ ರೆಸಿಸ್ಟರ್ ಹಾಕೋಣ ಅಂತಿದ್ದೇನೆ. ಬ್ಯಾಟರಿ ಉಳಿಯಲಿ ಅಂತ 100 ಕೆ (ಕಿಲೋಓಮ್) ರೇಂಜಿನದು ಹಾಕಬಹುದಾ?

ಉತ್ತರ: ಪಾಟ್ ಖಂಡಿತ ಕಿತ್ತುಬಿಡಿ. ಈ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ 10 ಕೆ ಪಾಟ್ ಔಟ್‌ಪುಟ್ ಮತ್ತು ಫೀಡ್‌ಬ್ಯಾಕ್ ಪಿನ್ (ಚಿಪ್ ತನ್ನ ಔಟ್‌ಪುಟ್ ನೋಡಿಕೊಳ್ಳುವ ಪಿನ್) ಮಧ್ಯೆ, ಅಂದರೆ ಮೇಲ್ಗಡೆ ಇರುತ್ತದೆ. ಫೀಡ್‌ಬ್ಯಾಕ್‌ನಿಂದ ಗ್ರೌಂಡ್‌ಗೆ 330 ಓಮ್. ಪಾಟಿನ ವೈಪರ್ (ಒಳಗೆ ಜಾರುವ ಸಂಪರ್ಕ) ಒಂದು ಕ್ಷಣ ಕೈಕೊಟ್ಟರೂ ಫೀಡ್‌ಬ್ಯಾಕ್ ಪಿನ್ನಿಗೆ ವೋಲ್ಟೇಜ್ ಸಾಕಾಗಲ್ಲ. ಚಿಪ್ ಔಟ್‌ಪುಟ್ ಏರಿಸುತ್ತಲೇ ಹೋಗುತ್ತದೆ. ಬ್ಯಾಟರಿಯ ಹೆಚ್ಚುಕಮ್ಮಿ 12 ವೋಲ್ಟೂ ಪೈಗೆ ಹೋಗುತ್ತದೆ. ನಿಮ್ಮದು ಇನ್ನೂ ಬದುಕಿದೆ ಅಂದ್ರೆ ಅದೃಷ್ಟ!

ಲೆಕ್ಕ ಸುಲಭ. ಫೀಡ್‌ಬ್ಯಾಕ್ ಪಿನ್ನನ್ನು ಈ ಚಿಪ್ 1.23 ವೋಲ್ಟ್‌ನಲ್ಲಿ ಹಿಡಿದಿಡುತ್ತದೆ.

ಔಟ್‌ಪುಟ್ = 1.23 × (1 + ಮೇಲಿನದು ÷ ಕೆಳಗಿನದು)

330 ಹಾಗೇ ಇರಲಿ. 5.1ಕ್ಕೆ ಮೇಲೆ ಸುಮಾರು 1038 ಓಮ್ ಬೇಕು. ಆ ಬೆಲೆಯದು ಅಂಗಡಿಯಲ್ಲಿ ಸಿಗಲ್ಲ. 1 ಕೆ ಮತ್ತು 39 ಓಮ್ ಸೀರೀಸ್‌ನಲ್ಲಿ ಹಾಕಿ, 5.10 ಬರುತ್ತದೆ. ಎರಡೂ 1% ಮೆಟಲ್ ಫಿಲ್ಮ್ ಇರಲಿ. ಆದರೂ ಚಿಪ್‌ನ ರೆಫರೆನ್ಸೇ (ಆ 1.23 ವೋಲ್ಟೇ) 3% ಆಚೀಚೆ ಇರಬಹುದು. ಹಾಗಾಗಿ ಮೊದಲು 10 ಓಮ್, 10 ವಾಟ್ ರೆಸಿಸ್ಟರನ್ನು ಲೋಡ್ ಆಗಿ ಹಾಕಿ ಅಳೆಯಿರಿ. 5.25 ದಾಟಿದರೆ 39 ತೆಗೆದು ಬರೀ 1 ಕೆ ಇಡಿ.

100 ಕೆ ಬೇಡ. ಈಗಿನ ಜೋಡಿ ಕುಡಿಯೋದು 4 ಮಿಲಿಆಂಪ್‌ಗಿಂತ ಕಡಿಮೆ. ಪೈ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಬೆಲೆ ಜಾಸ್ತಿ ಆದಷ್ಟೂ ಪಕ್ಕದ ಕಾಯಿಲ್‌ನ 150 ಕಿಲೋಹರ್ಟ್ಸ್ ಗಲಾಟೆ ಫೀಡ್‌ಬ್ಯಾಕ್ ಪಿನ್ನಿಗೆ ನುಗ್ಗುತ್ತದೆ. ಈ ಚಿಪ್‌ಗೆ ಕೆಳಗಿನ ರೆಸಿಸ್ಟರ್ 240 ಓಮ್‌ನಿಂದ 1.5 ಕೆ ಒಳಗೆ ಇರಲಿ. ರೆಸಿಸ್ಟರಿನ ಕಾಲುಗಳನ್ನೂ ಗಿಡ್ಡ ಕತ್ತರಿಸಿ.

ಇನ್ನೊಬ್ಬರು: ಸರ್, ನನಗೆ ಆಗಾಗ ಅಡ್ಜಸ್ಟ್ ಮಾಡೋಕೆ ಬೇಕು. ಪಾಟ್ ಇಟ್ಟುಕೊಳ್ಳೋ ದಾರಿ ಇಲ್ವಾ?

ಉತ್ತರ: ಇದೆ, ಆದರೆ ಪಾಟ್ ಕೆಳಗಡೆ ಹೋಗಬೇಕು. ಮೇಲೆ 1 ಕೆ. ಕೆಳಗೆ 300 ಓಮ್, ಅದರ ಜೊತೆ ಸೀರೀಸ್‌ನಲ್ಲಿ 50 ಓಮ್ ಪ್ರಿಸೆಟ್ (ಚಿಕ್ಕ ಪಾಟ್). ವೈಪರನ್ನು ಪ್ರಿಸೆಟ್‌ನ ಒಂದು ತುದಿಗೇ ಸೇರಿಸಿ ಬೆಸುಗೆ ಹಾಕಿ. ಸುಮಾರು 4.74ರಿಂದ 5.33 ವೋಲ್ಟ್‌ವರೆಗೆ ತಿರುಗುತ್ತದೆ. ವೈಪರ್ ಕೈಕೊಟ್ಟರೂ 4.74ಕ್ಕೆ ಇಳಿಯುತ್ತದೆ ಅಷ್ಟೇ, ಪೈ ಸುಡಲ್ಲ.

ಮೊದಲು ಕೇಳಿದವರು: ಹಾಕಿದೆ ಸರ್, ಮೀಟರ್‌ನಲ್ಲಿ 5.08. ಆದರೆ ಪೈನ ಪರದೆ ಮೇಲೆ ವೋಲ್ಟೇಜ್ ಕಮ್ಮಿ ಅನ್ನೋ ಮಿಂಚಿನ ಗುರುತು ಬರ್ತಿದೆ. 39 ತೆಗೆದು 82 ಹಾಕಲಾ?

ಉತ್ತರ: ಬೇಡ, ರೆಸಿಸ್ಟರ್ ಮುಟ್ಟಬೇಡಿ. ಪೈ ಓಡುತ್ತಿರುವಾಗ ಅದರ ತುದಿಯಲ್ಲೇ ಮೀಟರ್ ಹಿಡಿಯಿರಿ. ಸುಮಾರು 4.63ಕ್ಕಿಂತ ಇಳಿದರೆ ಆ ಗುರುತು ಬರುತ್ತದೆ. ತೆಳು ವೈರ್ ಹೋಗಿ ಬರುವಷ್ಟರಲ್ಲಿ 0.3 ಓಮ್ ಇದ್ದರೆ, 1.5 ಆಂಪ್‌ಗೆ 0.45 ವೋಲ್ಟ್ ಅಲ್ಲೇ ಹೋಯ್ತು. ಮಾಡ್ಯೂಲನ್ನು ಪೈ ಪಕ್ಕಕ್ಕೇ ತನ್ನಿ, ಉದ್ದದ ವೈರ್ 12 ವೋಲ್ಟ್ ಕಡೆಗಿರಲಿ. ಅಲ್ಲಿ ಅರ್ಧ ವೋಲ್ಟ್ ಹೋದರೂ ಚಿಪ್ ಸರಿಮಾಡಿಕೊಳ್ಳುತ್ತದೆ.