ಐಸಿಯು ಪೋಷಣೆ ಕಲಿಯಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್ ಆಗಿದ್ದೇನೆ. ಇಲ್ಲಿತನಕ ಓಪಿಡಿಯಲ್ಲಿ ಶುಗರ್, ಕಿಡ್ನಿ ರೋಗಿಗಳಿಗೆ, ಗರ್ಭಿಣಿಯರಿಗೆ ಪಥ್ಯ ಹೇಳುವ ಕೆಲಸ. ಬರುವ ತಿಂಗಳಿಂದ 12 ಬೆಡ್ಡಿನ ಐಸಿಯು ನನ್ನ ಪಾಲಿಗೆ ಬರುತ್ತಿದೆ. ಟ್ಯೂಬ್ ಫೀಡ್, ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಪೋಷಣೆ) ಎರಡನ್ನೂ ಓದಿದ್ದು ಎಂಎಸ್ಸಿಯಲ್ಲಷ್ಟೇ. ಯಾವ ಕೋರ್ಸ್ ಮಾಡಲಿ? ರಜೆ ಹಾಕಿ ಬೇರೆ ಊರಿಗೆ ಹೋಗಿ ಕಲಿಯುವ ಸ್ಥಿತಿ ಇಲ್ಲ.

ಐಸಿಯು ಡಯಟೀಷಿಯನ್, ಮಂಗಳೂರು

ಮೇಡಂ, ಕೋರ್ಸ್ ವಿಚಾರ ಆಮೇಲೆ. ಮೊದಲ ದಿನವೇ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದುಕೊಳ್ಳಿ: ಬೇಕಾದ ಕ್ಯಾಲರಿ, ಬೇಕಾದ ಪ್ರೋಟೀನ್, ನಿಜವಾಗಿ ಒಳಗೆ ಹೋದ ಕ್ಯಾಲರಿ, ಪ್ರೋಟೀನ್, ಫೀಡ್ ನಿಂತ ಗಂಟೆ, ನಿಂತದ್ದೇಕೆ. ಹತ್ತು ರೋಗಿಗಳದ್ದು, ಏಳೇಳು ದಿನ. ಒಳಗೆ ಹೋದ ಲೆಕ್ಕವನ್ನು ನೀವು ಬರೆದುಕೊಟ್ಟ ಡಯಟ್ ಶೀಟಿನಿಂದ ಎತ್ತಬೇಡಿ. ಸಿಸ್ಟರ್ ಬರೆಯುವ ಇನ್‌ಟೇಕ್ ಔಟ್‌ಪುಟ್ ಚಾರ್ಟಿನಿಂದ ತೆಗೆಯಿರಿ. ಐಸಿಯು ಪೋಷಣೆಯ ಮುಕ್ಕಾಲು ಪಾಠ ಇರುವುದು ಈ ಎರಡು ಕಾಗದಗಳ ನಡುವಿನ ಅಂತರದಲ್ಲೇ.

ಒಂದು ಲೆಕ್ಕ ನೋಡಿ. 60 ಕೆಜಿ ತೂಕದ ರೋಗಿ, ವೆಂಟಿಲೇಟರಿನಲ್ಲಿ ಐದನೇ ದಿನ. ಕೆಜಿಗೆ 25ರಂತೆ 1500 ಕ್ಯಾಲರಿ, 1.3 ಗ್ರಾಂನಂತೆ 78 ಗ್ರಾಂ ಪ್ರೋಟೀನ್ ಬೇಕು. ಕೈಯಲ್ಲಿರುವ ಫೀಡಿನಲ್ಲಿ ಮಿಲಿಗೆ 1 ಕ್ಯಾಲರಿ, 100 ಮಿಲಿಗೆ 4 ಗ್ರಾಂ ಪ್ರೋಟೀನ್. 1500 ಮಿಲಿ ಪೂರ್ತಿ ಹೋದರೂ ಪ್ರೋಟೀನ್ ಸಿಗುವುದು 60 ಗ್ರಾಂ. ಈಗ ಪ್ರೊಪೊಫಾಲ್ ಗಂಟೆಗೆ 10 ಮಿಲಿ ಓಡುತ್ತಿದೆ ಅನ್ನಿ. ಅದು ರೋಗಿಯನ್ನು ನಿದ್ರೆಯಲ್ಲಿಡುವ, ಕೊಬ್ಬಿನಲ್ಲಿ ಬೆರೆತ ಔಷಧ, ಮಿಲಿಗೆ 1.1 ಕ್ಯಾಲರಿ, ದಿನಕ್ಕೆ 264. ಅಷ್ಟನ್ನು ಕಳೆದು ಫೀಡನ್ನು 1236 ಮಿಲಿಗೆ ಇಳಿಸಿದರೆ ಪ್ರೋಟೀನ್ 49ಕ್ಕೆ ಬೀಳುತ್ತದೆ. ಕ್ಯಾಲರಿ ಸರಿಹೋಯಿತು ಎಂದು ಇಲ್ಲಿಗೇ ಕೈಬಿಡುವವರು ತುಂಬಾ ಜನ. ಉಳಿದ 29 ಗ್ರಾಂಗೆ 80 ಶೇಕಡಾ ಪ್ರೋಟೀನ್ ಇರುವ ಪುಡಿ 36 ಗ್ರಾಂ ಬೇಕು. 12 ಗ್ರಾಂನಂತೆ ಮೂರು ಸಲ, 50–60 ಮಿಲಿ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಫೀಡಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಿಸಿ, ಹಿಂದೆ ಮುಂದೆ ನೀರು ಹಾಕಿಸಿ. ಡ್ರಿಪ್ಪಿನ ಡೆಕ್ಸ್‌ಟ್ರೋಸನ್ನೂ ಮರೆಯಬೇಡಿ: ಗ್ರಾಂಗೆ 3.4 ಕ್ಯಾಲರಿ, ಅಂದರೆ ಎರಡು ಲೀಟರ್ ಡಿಎನ್ಎಸ್ (5 ಶೇಕಡಾ ಡೆಕ್ಸ್‌ಟ್ರೋಸ್ ಇರುವ ಸಲೈನ್) ಹೋದರೆ 340.

ಐದನೇ ದಿನ ಎಂದು ಬೇಕೆಂದೇ ಹೇಳಿದೆ. 48 ಗಂಟೆಯೊಳಗೆ ಟ್ಯೂಬ್ ಫೀಡ್ ಶುರುವಾಗಬೇಕು ನಿಜ, ಆದರೆ ಮೊದಲ ದಿನವೇ ಗುರಿ ಮುಟ್ಟುವ ಹಟ ಬೇಡ. ಮೊದಲ ಎರಡು ಮೂರು ದಿನ ಅಗತ್ಯದ 70 ಶೇಕಡಾ ದಾಟದಂತೆ ಇಟ್ಟು, ಆಮೇಲೆ ಏರಿಸುವುದು ಯುರೋಪಿನ ಪೋಷಣಾ ತಜ್ಞರ ಸಂಘವಾದ ಎಸ್ಪೆನ್ ಮಾರ್ಗಸೂಚಿಯ ದಾರಿ.

ಐಸಿಯು ಸಿಸ್ಟರ್, ಹುಬ್ಬಳ್ಳಿ

ಫೀಡ್ ಯಾಕ ನಿಲ್ತೈತಿ ಅನ್ನೋದು ನಾ ಹೇಳ್ತೀನ್ರಿ. ಸಿಟಿ ಸ್ಕ್ಯಾನ್, ಡಯಾಲಿಸಿಸ್, ಫಿಸಿಯೋ, ಉಸಿರಿನ ಟ್ಯೂಬ್ ತೆಗಿಯೋ ಪ್ಲಾನ್, ಇಷ್ಟಕ್ಕೂ ನಿಲ್ತೈತಿ. ಮತ್ತ ಶುರು ಮಾಡೋದು ಯಾರೂ ಬರದಿರಂಗಿಲ್ಲ. ಅದಕ್ಕ ಗಂಟೆಗೆ ಇಷ್ಟು ಅಂತ ಬರೀಬ್ಯಾಡ್ರಿ, 24 ತಾಸಿಗೆ ಒಟ್ಟು ಎಷ್ಟು ಅಂತ ಬರೀರಿ. 1500 ಮಿಲಿ, ಮುಂಜಾನೆ ಆರಕ್ಕ ಶುರು, 11ರಿಂದ ನಾಲ್ಕರ ತನಕ ನಿಂತ್ರ 310 ಅಷ್ಟ ಹೋಗಿರ್ತೈತಿ. ಉಳಿದ 1190 ಮಿಲಿ 14 ತಾಸಿನಾಗ ಹೋಗಬೇಕು, ಗಂಟೆಗೆ 85. ಗಂಟೆಗೆ 150 ದಾಟಬ್ಯಾಡ್ರಿ ಅಂತ ಒಂದು ಮಿತಿನೂ ಬರೀರಿ. ಈ ಲೆಕ್ಕದ ಚೀಟಿ ಬೆಡ್ ಹತ್ರನ ಅಂಟಿಸಿರಿ, ರಾತ್ರಿ ಡ್ಯೂಟಿಯವರಿಗೂ ಸಿಗಬೇಕಲ್ಲ.

ಟ್ಯೂಬ್ ಕಟ್ಟಿಕೊಳ್ಳೋದು ಹೆಚ್ಚಾಗಿ ಗುಳಿಗೆ ಪುಡಿಯಿಂದ. ಔಷಧದ ಹಿಂದ ಮುಂದ 15 ಮಿಲಿ, ನಾಲ್ಕು ತಾಸಿಗೊಮ್ಮೆ 30 ಮಿಲಿ ನೀರು ಹಾಕ್ಬೇಕು. ಈ ನೀರನ್ನೂ ನಿಮ್ಮ ಲೆಕ್ಕದಾಗ ಹಿಡೀರಿ. ಫೆನಿಟಾಯಿನ್ (ಫಿಟ್ಸಿನ ಔಷಧ) ಇದ್ರ ಫೀಡಿಗೂ ಅದಕ್ಕೂ ಒಂದೆರಡು ತಾಸು ಅಂತರ ಇರಲಿ.

ಕ್ಲಿನಿಕಲ್ ಡಯಟೀಷಿಯನ್, ಮೈಸೂರು

ಜಿಲ್ಲಾ ಆಸ್ಪತ್ರೆ ಎಂದಿದ್ದೀರಿ, ಅಡುಗೆಮನೆಯ ಫೀಡೇ ಹೆಚ್ಚಿರುತ್ತದೆ. ಒಂದು ದಿನ ತೂಕದ ತಕ್ಕಡಿ ಹಿಡಿದು ಅಲ್ಲೇ ನಿಲ್ಲಿ. 200 ಮಿಲಿ ರಾಗಿ ಗಂಜಿಗೆ ಹಾಕುವ ಹಿಟ್ಟು 20 ಗ್ರಾಂ ಆದರೆ ಅದರಲ್ಲಿರುವುದು 64 ಕ್ಯಾಲರಿ, ಒಂದೂವರೆ ಗ್ರಾಂಗೂ ಕಡಿಮೆ ಪ್ರೋಟೀನ್. ದಿನಕ್ಕೆ ಎಂಟು ಸಲ ಕೊಟ್ಟರೂ 512 ಕ್ಯಾಲರಿ, 11 ಗ್ರಾಂ ಪ್ರೋಟೀನ್. ಚಾರ್ಟಿನಲ್ಲಿ ಮಾತ್ರ 1600 ಮಿಲಿ ಫೀಡ್ ಹೋಯಿತು ಎಂದು ಚೆನ್ನಾಗಿ ಕಾಣುತ್ತದೆ, ಹಸಿದ ರೋಗಿ ಹಸಿದೇ ಇರುತ್ತಾನೆ. ಹಿಟ್ಟು ಹೆಚ್ಚಿಸಿದರೆ ಗಂಜಿ ಆರುತ್ತಲೇ ಗಟ್ಟಿಯಾಗಿ ಟ್ಯೂಬಿನಲ್ಲಿ ಕೂರುತ್ತದೆ, ಆಗ ವಾರ್ಡಿನಲ್ಲಿ ಯಾರೋ ಬಿಸಿನೀರು ಬೆರೆಸಿ ತೆಳು ಮಾಡುತ್ತಾರೆ, ಮತ್ತೆ ಮೊದಲಿನ ಲೆಕ್ಕವೇ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅದೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಆದರೆ ಹುರಿಯುವಾಗ ಉರಿ ಹೆಚ್ಚಾದರೆ ಆ ಕಿಣ್ವವೇ ಕೆಡುತ್ತದೆ. ಪ್ರೋಟೀನಿಗಂತೂ ಪುಡಿಯೋ ಹಾಲಿನ ಪುಡಿಯೋ ಬೇಕೇ ಬೇಕು.

ಲೆಕ್ಕಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್ಐಎನ್) 2017ರಲ್ಲಿ ತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳನ್ನೇ ಬಳಸಿ. ಪುಡಿ ಕಲಸಿ ಮಾಡಿದ ಫೀಡನ್ನು ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ತೂಗುಹಾಕಬಾರದು, ಮಿಕ್ಸಿಯಲ್ಲಿ ಅರೆದ ಮನೆ ಫೀಡನ್ನು ಎರಡು ಗಂಟೆ. ಭೇದಿ ಶುರುವಾದರೆ ಫೀಡ್ ನಿಲ್ಲಿಸುವ ಮುಂಚೆ ಔಷಧದ ಪಟ್ಟಿ ನೋಡಿ. ಸಿರಪ್‌ಗಳಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿಕಾರಕ, ಆ್ಯಂಟಿಬಯಾಟಿಕ್ ಎರಡೂ ಹೊಟ್ಟೆ ಕೆಡಿಸುತ್ತವೆ.

ನ್ಯೂಟ್ರಿಷನ್ ಸಪೋರ್ಟ್ ತಂಡದಿಂದ, ಬೆಂಗಳೂರು

ಎಲ್ಲಕ್ಕಿಂತ ಮುಂಚೆ ರೀಫೀಡಿಂಗ್ (ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಕೊಟ್ಟಾಗ ರಕ್ತದ ಲವಣಗಳು ಕುಸಿಯುವುದು) ಕಲಿಯಿರಿ, ಏಕೆಂದರೆ ಇಲ್ಲಿ ತಪ್ಪಿದರೆ ಜೀವಕ್ಕೇ ಬರುತ್ತದೆ. ದಿನಗಟ್ಟಲೆ ಉಣ್ಣದವರು, ಕುಡಿತದವರು, ಟಿಬಿಯಲ್ಲಿ ಸೊರಗಿದವರು ಬಂದರೆ ಫೀಡಿಗೆ ಮುಂಚೆ ಪೊಟ್ಯಾಷಿಯಂ, ಮೆಗ್ನೀಷಿಯಂ, ಫಾಸ್ಫೇಟ್ ಮೂರೂ ನೋಡಬೇಕು. ಫಾಸ್ಫೇಟ್ ಎಷ್ಟೋ ಕಡೆ ಮಾಮೂಲಿ ರಿಪೋರ್ಟಿನಲ್ಲಿ ಬರುವುದಿಲ್ಲ, ಬಾಯಿಬಿಟ್ಟು ಕೇಳಿ ಬರೆಸಿ. ಫೀಡಿಗೂ ಡೆಕ್ಸ್‌ಟ್ರೋಸ್ ಡ್ರಿಪ್ಪಿಗೂ ಮುಂಚೆ ಥಯಮಿನ್ (ವಿಟಮಿನ್ ಬಿ1) 100 ಮಿಗ್ರಾಂ. ಮೊದಲ ದಿನ ಕೆಜಿಗೆ 10–20 ಕ್ಯಾಲರಿ, ಡ್ರಿಪ್ಪಿನ ಸಕ್ಕರೆಯೂ ಸೇರಿ. ಶುರು ಮಾಡಿದ ಮೇಲೆ ಫಾಸ್ಫೇಟ್ ಡೆಸಿಲೀಟರಿಗೆ 2 ಮಿಗ್ರಾಂಗಿಂತ ಕೆಳಗಿಳಿದರೆ ಅದನ್ನು ತುಂಬಿಸುತ್ತಾ ಎರಡು ದಿನ ಕ್ಯಾಲರಿ ತಗ್ಗಿಸಿ.

ಟಿಪಿಎನ್‌ನಲ್ಲಿ ಎಡವುವುದು ಲೇಬಲ್ ಓದುವಾಗ. ನೈಟ್ರೋಜನ್ 8 ಗ್ರಾಂ ಎಂದಿದ್ದರೆ ಪ್ರೋಟೀನ್ 8 ಅಲ್ಲ, 6.25ರಿಂದ ಗುಣಿಸಿ 50. ಗ್ಲೂಕೋಸ್ ಕೆಜಿಗೆ ನಿಮಿಷಕ್ಕೆ 5 ಮಿಗ್ರಾಂ ದಾಟಬಾರದು. 60 ಕೆಜಿಗೆ ದಿನಕ್ಕೆ 250 ಗ್ರಾಂ ಹೋದರೆ 2.9, ಚಿಂತೆಯಿಲ್ಲ. ಮೂರು ಕೋಣೆಯ ರೆಡಿ ಬ್ಯಾಗಿನಲ್ಲಿ ವಿಟಮಿನ್ ಇರುವುದಿಲ್ಲ, ಅದನ್ನು ಬೇರೆಯಾಗಿ ಬರೆಸಬೇಕು.

ಇನ್ನು ಕೋರ್ಸ್. ಎಸ್ಪೆನ್‌ನ ಎಲ್ಎಲ್ಎಲ್ (ಲೈಫ್ ಲಾಂಗ್ ಲರ್ನಿಂಗ್) ಪಾಠಗಳು ಆನ್‌ಲೈನಿನಲ್ಲೇ ಇವೆ, ಮನೆಯಲ್ಲೇ ಕೂತು ಒಂದೊಂದೇ ಮುಗಿಸಬಹುದು. ನಿಮ್ಮ ಬೆಡ್ಡಿನಲ್ಲಿ ಯಾವ ರೋಗಿ ಇದ್ದಾರೋ ಆ ವಾರ ಅದೇ ಪಾಠ ತೆಗೆದುಕೊಳ್ಳಿ. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ (ಐಡಿಎ) ನಡೆಸುವ ರಿಜಿಸ್ಟರ್ಡ್ ಡಯಟೀಷಿಯನ್ (ಆರ್‌ಡಿ) ಪರೀಕ್ಷೆ ಇನ್ನೂ ಬರೆದಿಲ್ಲವಾದರೆ ಬರೆದುಬಿಡಿ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ಡಯಟೀಷಿಯನ್ ವೃತ್ತಿಯೂ ಸೇರಿದೆ, ಹಾಗಾಗಿ ಡಿಗ್ರಿ, ಇಂಟರ್ನ್‌ಶಿಪ್ ಕಾಗದಗಳನ್ನು ಜೋಪಾನವಾಗಿಡಿ. ತಿಂಗಳಿಗೊಂದು ಸಂಶೋಧನಾ ಲೇಖನ ಓದಿ ಸಾಕು. ಐಸಿಯು ರೋಗಿಗಳಲ್ಲಿ ನಡೆದ 2023ರ ಎಫರ್ಟ್ ಪ್ರೋಟೀನ್ ಪ್ರಯೋಗದಿಂದ ಶುರು ಮಾಡಿ. ಕೆಜಿಗೆ 2.2 ಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಕೊಡಬೇಕೆಂದಿದ್ದ ಗುಂಪಿಗೂ ನಿಜಕ್ಕೆ ಹೋದದ್ದು ಸುಮಾರು 1.6. ಹೆಚ್ಚು ಕೊಟ್ಟವರು ಬೇಗ ಗುಣವಾಗಲಿಲ್ಲ, ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದವರಲ್ಲಿ ಹಾನಿಯ ಸುಳಿವೂ ಕಂಡಿತು.

ಮತ್ತೆ ಮಂಗಳೂರಿನಿಂದ

ರೌಂಡ್ಸ್‌ನಲ್ಲಿ ಹೇಗೆ ಮಾತಾಡಬೇಕು ಎಂಬುದೂ ಕಲಿಕೆಯೇ. ಅರ್ಧ ನಿಮಿಷ ಸಿಗುತ್ತದೆ. "ಬೆಡ್ 4, 60 ಕೆಜಿ, ಐದನೇ ದಿನ. ನಿನ್ನೆ ಪ್ರೋಟೀನ್ ಬೇಕಿದ್ದದ್ದು 78, ಹೋದದ್ದು 41. ಸಿಟಿಗೆಂದು ಐದು ಗಂಟೆ ಫೀಡ್ ನಿಂತಿತ್ತು. ಇವತ್ತಿನಿಂದ 24 ಗಂಟೆಯ ಲೆಕ್ಕಕ್ಕೆ ಬದಲಾಯಿಸಿ ಪುಡಿ ಮೂರು ಸಲ ಸೇರಿಸಲೇ ಸರ್?" ಇಷ್ಟೇ. ಸಂಖ್ಯೆ ಹಿಡಿದು ಕೇಳಿದರೆ ಆ ಕ್ಷಣವೇ ಆರ್ಡರ್ ಆಗುತ್ತದೆ, "ಪೋಷಣೆ ಸಾಲುತ್ತಿಲ್ಲ" ಎಂದರೆ "ನೋಡೋಣ" ಎಂದು ಮುಂದಿನ ಬೆಡ್ಡಿಗೆ ಹೋಗುತ್ತಾರೆ.

ಈ ಎಲ್ಲ ಲೆಕ್ಕ ನಿಂತಿರುವುದು ತೂಕದ ಮೇಲೆ. ಐದು ಲೀಟರ್ ನೀರು ತುಂಬಿ ಊದಿದ ರೋಗಿಯ ಇವತ್ತಿನ ತೂಕ ಹಿಡಿಯಬೇಡಿ, ದಾಖಲಾಗುವ ಮುಂಚಿನ ತೂಕವನ್ನು ಮನೆಯವರಿಂದ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಮೊಣಕೈಯಿಂದ ಮಣಿಕಟ್ಟಿನ ಮೂಳೆಯವರೆಗೆ ಟೇಪ್ ಹಿಡಿದು ಎತ್ತರ ಅಂದಾಜಿಸಿ, ಅದರಿಂದ ತೂಕ ತೆಗೆದು, ಪಕ್ಕದಲ್ಲಿ "ಅಂದಾಜು" ಎಂದು ಕೇಸ್ ಶೀಟಿನಲ್ಲೇ ಬರೆದಿಡಿ.