ಅಮೆರಿಕದಿಂದ ಬಂದ ರೇಡಿಯೊ 65 ವ್ಯಾಟ್ ಚಾರ್ಜರ್‌ಗೂ ಜಗ್ಗುತ್ತಿಲ್ಲ

ತರಂಗ_ಪ್ರಿಯ: ಭಾವ ಅಮೆರಿಕದಿಂದ ಪುಟ್ಟ ಶಾರ್ಟ್‌ವೇವ್ ರೇಡಿಯೊ ತಂದುಕೊಟ್ಟರು. ಟೈಪ್-ಸಿ ಪೋರ್ಟ್ ಇದೆ. ಲ್ಯಾಪ್‌ಟಾಪ್‌ನ 65 ವ್ಯಾಟ್ ಚಾರ್ಜರ್ ಹಾಕಿದರೆ ದೀಪವೇ ಹತ್ತುವುದಿಲ್ಲ. ಅದೇ ಚಾರ್ಜರ್, ಅದೇ ಕೇಬಲ್‌ನಲ್ಲಿ ಫೋನ್ ಚೆನ್ನಾಗಿ ಚಾರ್ಜ್ ಆಗುತ್ತದೆ. ರೇಡಿಯೊ ಸತ್ತಿದೆಯಾ? ವಾಪಸ್ ಕಳಿಸೋಕೂ ಆಗಲ್ಲ. ತಲೆ ಕೆಟ್ಟುಹೋಗಿದೆ.

ಮಂಡ್ಯ_ಮೀಟರ್: ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ.

ಸೋಲ್ಡರ್_ಸೀನ: ಮೀಟರ್ ಸಾಹೇಬರೇ, ಅವರು ರೇಡಿಯೊವನ್ನು ಗೋಡೆಗೆ ಸಿಕ್ಕಿಸಿಲ್ಲವಲ್ಲ! ಅದಕ್ಕೆ ಹೋಗುವುದು 5 ವೋಲ್ಟ್ ಡಿಸಿ. ಗೋಡೆಯ ಕರೆಂಟ್ ಚಾರ್ಜರ್‌ನ ತಲೆನೋವು. ಅದರ ಮೇಲೆ 100-240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ದರೆ ಎರಡೂ ದೇಶಕ್ಕೆ ನಡೆಯುತ್ತದೆ.

ಮಂಡ್ಯ_ಮೀಟರ್: ಸರಿ, ಹಾಗಾದ್ರೆ 65 ವ್ಯಾಟ್ ನುಗ್ಗಿ ಐಸಿ (ಒಳಗಿನ ಚಿಪ್) ಸುಟ್ಟಿದೆ. ಚಿಕ್ಕ ಸಾಮಾನಿಗೆ ದೊಡ್ಡ ಚಾರ್ಜರ್ ಹಾಕಬಾರದು.

ಸೋಲ್ಡರ್_ಸೀನ: ವ್ಯಾಟ್ ನುಗ್ಗಲ್ಲ. ಸಾಮಾನು ಎಳೆದುಕೊಂಡಷ್ಟೇ ಕರೆಂಟ್. ಸರಿಯಾದ ಟೈಪ್-ಸಿ ಚಾರ್ಜರ್, ಆ ಕಡೆಯಿಂದ ಕೇಳದೆ 5 ವೋಲ್ಟ್ ದಾಟುವುದಿಲ್ಲ.

ಮಂಡ್ಯ_ಮೀಟರ್: ಫುಟ್‌ಪಾತ್ ಚಾರ್ಜರ್‌ಗೂ ಇದೇ ಮಾತಾ?

ಸೋಲ್ಡರ್_ಸೀನ: ಅದನ್ನು ಯಾರು ಕೇಳಿದರು? ಅಂಥವನ್ನು ಬಿಚ್ಚಿ ನೋಡಿದ್ದೇನೆ. 230ರ ಕಡೆಗೂ 5ರ ಕಡೆಗೂ ನಡುವೆ ಕೂದಲೆಳೆಯ ಜಾಗ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಅದರ ಜೊತೆ R ಅಂತ ಶುರುವಾಗುವ ನೋಂದಣಿ ನಂಬರ್ ನೋಡಿ. ಆ ನಂಬರನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ತೋರಿಸುತ್ತದೆ.

ಕರಾವಳಿ_ಕರೆಂಟ್: ನಂದು 100 ವ್ಯಾಟ್ ಗ್ಯಾನ್ ಚಾರ್ಜರ್, ಅಂದ್ರೆ ಗ್ಯಾಲಿಯಂ ನೈಟ್ರೈಡ್ ಚಿಪ್ ಇರೋದು. ನಾಲ್ಕು ಪೋರ್ಟ್, ಮುಂದೆ ಡಿಸ್‌ಪ್ಲೇ ಬೇರೆ. ಲ್ಯಾಪ್‌ಟಾಪ್, ಫೋನ್, ಸೋಲ್ಡರಿಂಗ್ ಐರನ್ ಎಲ್ಲಾ ಅದರಲ್ಲೇ. ಫೋಟೊ ಹಾಕಲಾ?

ಸೋಲ್ಡರ್_ಸೀನ: ಬೇಡ.

ಸುಮ್ನೆ_ಓದುಗ: ತರಂಗ ಸರ್, ಕೇಬಲ್ ಎರಡೂ ಕಡೆ ಸಿ ನಾ? ರೇಡಿಯೊ ಜೊತೆ ಬಂದಿದ್ದು ಎಲ್ಲಿ?

ತರಂಗ_ಪ್ರಿಯ: ಎರಡೂ ಕಡೆ ಸಿ. ಡಬ್ಬಿಯದ್ದು ಗೇಣುದ್ದ ಇದೆ, ಒಂದು ಕಡೆ ಹಳೇ ಅಗಲದ ಯುಎಸ್‌ಬಿ. ಕವರ್ ಕೂಡ ತೆಗೆದಿಲ್ಲ. ಎಲ್ಲಾ ಒಂದೇ ಅಲ್ವಾ?

ಸುಮ್ನೆ_ಓದುಗ: ಒಂದೇ ಅಲ್ಲ. ಸಿ-ಸಿ ಕೇಬಲ್ ಹಾಕಿದಾಗ ಚಾರ್ಜರ್ ಮೊದಲು ಆ ತುದಿಯಲ್ಲಿ ಯಾರಾದರೂ ಇದ್ದಾರಾ ಅಂತ ನೋಡುತ್ತದೆ. ರೇಡಿಯೊ ಒಳಗೆ, ಈ ಗುರುತು ಹಿಡಿಯೋಕೆಂದೇ ಪೋರ್ಟ್‌ನಲ್ಲಿರುವ ಎರಡು ಸಿಸಿ ಪಿನ್‌ಗಳಿಂದಲೂ ಗ್ರೌಂಡ್‌ಗೆ 5.1 ಕಿಲೊ ಓಮ್ ರೆಸಿಸ್ಟರ್ ಇರಬೇಕು. ಅದು ಕಂಡರೆ ಮಾತ್ರ 5 ವೋಲ್ಟ್ ಬಿಡುತ್ತದೆ. ಪುಡಿಗಾಸು ಉಳಿಸೋಕೆ ಕೆಲವರು ಅದನ್ನೇ ಹಾಕುವುದಿಲ್ಲ. ಅಗಲದ ಪೋರ್ಟ್ ಇದ್ಯಾವುದನ್ನೂ ನೋಡದೆ 5 ವೋಲ್ಟ್ ಕೊಡುತ್ತದೆ. 2019ರ ಮೊದಲ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್ ಬೋರ್ಡ್) ಕೂಡ ಇಲ್ಲೇ ಎಡವಿತ್ತು. ಎರಡು ಪಿನ್‌ಗೆ ಸೇರಿ ಒಂದೇ ರೆಸಿಸ್ಟರ್ ಇತ್ತು. ಒಳಗೆ ಚಿಪ್ ಇರುವ ಕೇಬಲ್ ಹಾಕಿದರೆ ಚಾರ್ಜರ್ ಅದನ್ನು ಆಡಿಯೊ ಅಡಾಪ್ಟರ್ ಅಂದುಕೊಂಡು ಕರೆಂಟೇ ಕೊಡುತ್ತಿರಲಿಲ್ಲ. ಡಬ್ಬಿಯ ಕೇಬಲ್, ಹಳೇ ಫೋನಿನ 5 ವೋಲ್ಟ್ 2 ಆಂಪಿಯರ್ ಚಾರ್ಜರ್ ಹಾಕಿ ನೋಡಿ.

ಮಂಡ್ಯ_ಮೀಟರ್: ಐಸಿ ಸುಟ್ಟಿದ್ದರೆ ಯಾವ ಕೇಬಲ್ ಹಾಕಿದರೂ ಅಷ್ಟೇ.

ತರಂಗ_ಪ್ರಿಯ: ದೀಪ ಹತ್ತಿತು! ಆದರೆ ಚಾರ್ಜ್ ಆಗುವಾಗ ಮೀಡಿಯಂ ವೇವ್‌ನಲ್ಲಿ ಬರೀ ಗೊರಗೊರ ಸದ್ದು. ಇದಕ್ಕೇನು ಮಾಡಲಿ?

ಕರಾವಳಿ_ಕರೆಂಟ್: ಗ್ಯಾನ್ ತಗೊಳ್ಳಿ ಸರ್.

ಸೋಲ್ಡರ್_ಸೀನ: ಗ್ಯಾನ್ ಕೂಡ ಕರೆಂಟನ್ನು ಪಟಪಟ ಆನ್-ಆಫ್ ಮಾಡುವ ಸ್ವಿಚಿಂಗ್ ಚಾರ್ಜರೇ ಮಾರಾಯ್ರೆ, ಅದೂ ಗೊರಗುಟ್ಟಬಹುದು. ಚಾರ್ಜ್ ಮಾಡಿ, ಕೇಬಲ್ ಕಿತ್ತು, ಆಮೇಲೆ ಕೇಳಿ.